ಇವತ್ತ ನನ್ನ ಕೈ ನಂಬಬ್ಯಾಡ್ರಿ

ವಡಾಲ, ಮುಂಬೈ
೧೪ ಫೆಬ್ರವರಿ ೨೦೨೫

ವಿಜಿಗೆ,

ಕಾಗದದ ಮೊದಲ ಸಾಲಿನಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯಬೇಕು ಎಂದು ನಮ್ಮೂರ ಸಾಲಿಯ ಮಾಸ್ತರು ಕಲಿಸಿದ್ದರು. ಮೂರನೇ ಇಯತ್ತೆಗೇ ನನ್ನನ್ನು ಸಾಲಿ ಬಿಡಿಸಿದರು, ಆ ಸುಳ್ಳೂ ಅಲ್ಲಿಗೇ ನಿಂತಿತು. ನನ್ನ ಮೊಣಕಾಲು ಕ್ಷೇಮ ಇಲ್ಲ. ನಮ್ಮ ಚಾಳಿನ ನಳ ಕ್ಷೇಮ ಇಲ್ಲ. ನಿಮ್ಮಪ್ಪ ಖಂಡಪ್ಪ ಊರಿಗೆಲ್ಲ ಟ್ಯಾಂಕರಿನಲ್ಲಿ ನೀರು ಹಂಚಿ ಮನೆಗೆ ಬಂದು, ಕೊಡದಲ್ಲಿ ನೀರು ಯಾಕಿಲ್ಲ ಅಂತ ನಿಮ್ಮವ್ವನ ಮೇಲೆ ಹಾರಾಡುತ್ತಾನೆ. ಅವನ ಬಾಯಿ ಮಾತ್ರ ಕ್ಷೇಮ.

ನಿಮ್ಮ ಆಟದ ಕ್ಯಾಂಪಿನಲ್ಲಿ ಫೋನು ಇಸಿದುಕೊಂಡು ಸಂಜೆ ಸ್ವಲ್ಪ ಹೊತ್ತು ಕೊಡುತ್ತಾರಂತೆ. ಅದು ನಿಮ್ಮಪ್ಪ-ಅವ್ವಗೇ ಸಾಲದು. ನನ್ನ ಪಾಳಿ ಬಂದಾಗ ನೀನು "ಹೂಂ ಅಜ್ಜಿ, ಠೀಕ್ ಅಜ್ಜಿ" ಅಂದು ಮುಗಿಸುತ್ತೀ. ಅದಕ್ಕೇ ಈ ಕಾಗದ. ನೀನು ಮುನಸಿಪಾಲಿಟಿ ಕನ್ನಡ ಸಾಲಿಯಲ್ಲಿ ಏಳರ ತನಕ ಕಲಿತವಳು, ಓದಲು ಬರುತ್ತದೆ. ಕಾಗದಕ್ಕೆ ಹೂಂ ಅಂದರೆ ವಡಾಲದ ತನಕ ಕೇಳುವುದಿಲ್ಲ. ಬರೆಯಬೇಕು.

ಶಬ್ರೀನಾ ಆಸ್ಪತ್ರೆಯಿಂದ ಮನೆಗೆ ಬಂದಳು. ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿದ್ದಾರೆ, ಗಲ್ಲ ಅದರ ಮೇಲೆ ಕೂತಿದೆ. ಬಂಡಿಗೆ ಹೂಡಿದ ಎತ್ತಿನ ಹಾಗೆ ಎದುರಿಗೇ ನೋಡಬೇಕು. ಕುತ್ತಿಗೆಯ ಎಲುಬಿನಲ್ಲಿ ಸೀಳು ಇದೆಯಂತೆ. ಬಲಗೈ ಇದೆ, ಆದರೆ ಹೇಳಿದ ಮಾತು ಕೇಳುವುದಿಲ್ಲ. ಆಟದ ಸುದ್ದಿಯನ್ನು ಹುಡುಗಿಯ ಎದುರು ತೆಗೆಯಬೇಡ ಎಂದು ಆಕೆಯ ನಾನಿ ರಹೀಮಾ ನನಗೆ ಕಣ್ಸನ್ನೆ ಮಾಡಿದಳು. ಅಂದರೆ ಇನ್ನು ಆಟ ಇಲ್ಲ ಅಂತ ತಿಳಿದುಕೋ.

ಹನ್ನೊಂದು ವರ್ಷದ ಹುಡುಗಿಯರಿದ್ದಾಗ ನೀನೂ ಆಕೆಯೂ ಕೂಡಿಯೇ ಆ ರಗ್ಬಿಯ ಪಪ್ಪಾಯಿ ಚೆಂಡಿನ ಹಿಂದೆ ಹೋದಿರಿ. ಚೆಂಡನ್ನು ಹಿಂದಕ್ಕೆ ಒಗೆಯುವುದು, ತಾವು ಮುಂದಕ್ಕೆ ಓಡುವುದು; ಇಂಥ ಹುಚ್ಚು ಆಟ ಯಾರು ಕಂಡುಹಿಡಿದರೋ ಅಂತ ನಾನು ನಕ್ಕಿದ್ದೆ. ಎಂಟು ಮಂದಿ ತಲೆಗೆ ತಲೆ ಕೊಟ್ಟು ಟಗರಿನ ಹಾಗೆ ನೂಕುವುದನ್ನು ನೋಡಿದ ಮೇಲೆ ನಗು ನಿಂತಿತು. ನಿನಗೆ ಇಂಡಿಯಾದ ಅಂಗಿ ಬಂತು, ಬೆನ್ನ ಮೇಲೆ ಮೂರು ನಂಬರ್. ಮೊದಲ ಸಲ ಪರದೇಶಕ್ಕೆ ಹೋಗಿ ಮೂಗು ಮುರಿದುಕೊಂಡು ಬಂದೆ. ಪೇಪರಿನವರು ನಿನ್ನ ಹೆಸರು ಹಾಕಿ ಮತ್ತೊಬ್ಬಳ ಫೋಟೋ ಹಾಕಿದರು. ನಿಮ್ಮಪ್ಪ ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿದ. ಶಬ್ರೀನಾಗೆ ಆ ಅಂಗಿ ಒಂದು ಸಲವೂ ಬರಲಿಲ್ಲ. ಈ ಸಲ ಬರುತ್ತಿತ್ತು. ಆಯ್ಕೆಯ ಆಟದಲ್ಲೇ ಮೇಲಿನಿಂದ ಬಿದ್ದಳು.

ನೀನು ಭುವನೇಶ್ವರಕ್ಕೆ ಹೊರಟ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ನಳದ ಗಲ್ಲಿಯಿಂದ ಸುತ್ತು ಹೊಡೆದು ಸ್ಟೇಷನ್ನಿಗೆ ಹೋದೆ. ಎದುರಿನ ದಾರಿ ಹತ್ತಿರ. ಆದರೆ ಎದುರಿನ ದಾರಿಯಲ್ಲಿ ರಹೀಮಾನ ಬಾಗಿಲು ಇದೆ.

ಶಬ್ರೀನಾಳೇ ಅವಸರ ಮಾಡಿ ಜಿಗಿದಳು ಅಂತ ಜನ ಆಡಿಕೊಳ್ಳುತ್ತಾರೆ. ಆವತ್ತು ನಾನು ಮೈದಾನದ ಮೆಟ್ಟಿಲ ಮೇಲೆ ಕೂತಿದ್ದೆ. ಕಣ್ಣಿನ ಆಪರೇಷನ್ ಆಗಿ ವರ್ಷವಾಯಿತು, ಚೆನ್ನಾಗಿ ಕಾಣುತ್ತದೆ.

ಹೊಟ್ಟೆ ತುಂಬ ಉಣ್ಣು.

ನಿನ್ನ ಅಜ್ಜಿ,
ಮಲ್ಲವ್ವ


ಭುವನೇಶ್ವರ
24 ಫೆಬ್ರವರಿ 2025

ಅಜ್ಜಿ,

ನಿನ್ನ ಲೆಟರ್ ಬಂತು. ಕನ್ನಡ ಬರೆದು ಬಹಳ ವರ್ಷ ಆಯ್ತು, ತಪ್ಪು ಇದ್ರೆ ಬೈಬೇಡ. ಬೈತೀ, ಗೊತ್ತು.

ಇಲ್ಲಿ ಪ್ರಾಕ್ಟೀಸ್ ಜೋರು ಇದೆ. ಕೋಚ್ ಹೇಳಿದ್ರು ಸಿಂಗಾಪುರ ಮ್ಯಾಚಿಗೆ ಮೂರು ನಂಬರ್ ನಂದೇ. ನಾಲ್ಕು ವರ್ಷದ ಮೇಲೆ ನಮ್ಮ ಹದಿನೈದು ಜನರ ಟೀಮ್ ಹೊರಗೆ ಹೋಗ್ತಾ ಇದೆ. ಊಟಕ್ಕೆ ದಿನಾ ಚಿಕನ್, ಮೊಟ್ಟೆ. ಜೋಳದ ರೊಟ್ಟಿ ಇಲ್ಲ.

ರೂಮಿನಲ್ಲಿ ನಿಶ್ಮಿತಾ ಅಂತ ಒಬ್ಬಳು ಇದಾಳೆ. ಜೋಗೇಶ್ವರಿ ಅವಳು, ಅವಳ ಪಪ್ಪಾ ಉಡುಪಿ ಕಡೆಯವರು, ಹೋಟೆಲಲ್ಲಿ ಮ್ಯಾನೇಜರ್. ಅವಳ ಕನ್ನಡ ನನಗಿಂತ ಖರಾಬ್. ಲೈನ್‌ಔಟ್‌ನಲ್ಲಿ ಬಾಲ್ ಹೊರಗೆ ಹೋದಾಗ ಮೇಲೆ ಏರಿ ಹಿಡಿಯೋ ಜಂಪರ್ ಈಗ ಅವಳು. ಲಿಫ್ಟ್ ಮಾಡೋದು ನಾನು ಮತ್ತು ಇನ್ನೊಬ್ಬಳು.

ಬಿಸಿಲು ಜಾಸ್ತಿ ಇದೆ, ಅದಕ್ಕೆ ತಲೆ ನೋಯುತ್ತೆ. ಬೇರೆ ಏನೂ ಇಲ್ಲ. ಟೆನ್ಶನ್ ತಗೋಬೇಡ.

ಶಬ್ಬೂಗೆ ಕೇಳಿದೆ ಅಂತ ಹೇಳು.

ವಿಜೇತಾ


ವಡಾಲ
೩ ಮಾರ್ಚ್ ೨೦೨೫

ವಿಜಿಗೆ,

ಹೇಳಿದೆ. "ವಿಜಿ ಕೇಳ್ಯಾಳ" ಅಂದೆ. ಶಬ್ರೀನಾ "ಅಚ್ಛಾ" ಅಂದಳು. ರಹೀಮಾ ಚಹಾ ಕೊಟ್ಟಳು. ನಾನು ಕುಡಿದು ಬಂದೆ. ಹೀಗೆ ಬೇರೆಯವರ ಬಾಯಿಂದ ಕೇಳಿಸುವುದಾದರೆ ಇನ್ನೊಂದು ಸಲ ನನ್ನನ್ನು ಕಳಿಸಬೇಡ. ಆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಆಕೆ ಒಂದು ಮಾತು ಬೈದಿದ್ದರೆ ಇಳಿಯುತ್ತಿತ್ತು.

ಬಿಸಿಲಿಗೆ ತಲೆನೋವು ಅಂತೀಯಲ್ಲ. ಹೊರಡುವ ಮುಂಚೆ ಮನೆಯಲ್ಲಿ ಯಾವ ಬಿಸಿಲು ಇತ್ತು? ಬಲ್ಬು ಆರಿಸಿ ಮೂಲೆಯಲ್ಲಿ ಕೂಡುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಿಮ್ಮವ್ವನಿಗೆ ಉಪ್ಪು ತಂದು ಕೊಟ್ಟು, ಮತ್ತೆ ಅಂಗಡಿಗೆ ಹೋಗಿ ಉಪ್ಪೇ ತಂದೆ. ಆಕೆ ನಕ್ಕಳು, ನೀನೂ ನಕ್ಕೆ. ಆವತ್ತು ಆಟದಲ್ಲಿ ಎದುರಿನವಳ ಮೊಣಕಾಲು ನಿನ್ನ ಕಪಾಳಕ್ಕೆ ಬಡಿದಾಗಲೂ ಹೀಗೇ ನಕ್ಕೆ. ಎದ್ದು ಹೋಗಿ ಎದುರು ಪಾರ್ಟಿಯ ಸಾಲಿನಲ್ಲಿ ನಿಂತೆ. ಎಲ್ಲರೂ ಚೇಷ್ಟೆ ಅಂದುಕೊಂಡರು. ದಾಕ್ತರ ಓಡಿ ಬಂದರೆ ಕೈ ಬೀಸಿ ಕಳಿಸಿದೆ. ಅದಾಗಿ ಸ್ವಲ್ಪ ಹೊತ್ತಿಗೇ ಶಬ್ರೀನಾನನ್ನು ಎತ್ತಿದಿರಿ.

ಇರಲಿ. ಒಂದು ಕತೆ ಹೇಳುತ್ತೇನೆ. ಸಣ್ಣವಳಿದ್ದಾಗ ಕತೆ ಹೇಳು ಅಂತ ಕಾಡುತ್ತಿದ್ದೆ, ಆಗ ನನಗೆ ಕೆಲಸದಿಂದ ಬಂದ ದಣಿವು. ಈಗ ಪುರಸೊತ್ತಿದೆ.

ಈ ಮುಂಬೈಗೆ ಬಂದು ನಾನು ಮತ್ತು ರಹೀಮಾ ಇಪ್ಪತ್ತೆರಡು ವರ್ಷ ಬಿಲ್ಡಿಂಗ್ ಕೆಲಸ ಮಾಡಿದೆವು. ಕಲಸಿದ ಸಿಮೆಂಟಿನ ಬುಟ್ಟಿಯನ್ನು ತನ್ನ ತಲೆಗೆ ತಾನೇ ಏರಿಸಿಕೊಳ್ಳಲು ಆಗುವುದಿಲ್ಲ. ಹೊರುವವಳು ಒಬ್ಬಳು, ಹೊರಿಸುವವಳು ಒಬ್ಬಳು. ತಲೆಯ ಮೇಲೆ ಸಿಂಬಿ ಸುತ್ತಿಕೊಂಡು ನಾನು ನಿಲ್ಲುತ್ತಿದ್ದೆ, ರಹೀಮಾ ಹೊರಿಸುತ್ತಿದ್ದಳು. ಆಕೆಯ ಕೈ ತುಸು ಮೊದಲು ಬಿಟ್ಟರೆ ನನ್ನ ಕುತ್ತಿಗೆ ಹೋಯಿತು.

ಅದಕ್ಕೇ ಕೂಲಿಗೆ ನಿಲ್ಲುವ ನಮ್ಮ ನಾಕಾದ ಹೆಂಗಸರಲ್ಲಿ ಒಂದು ಪದ್ಧತಿ. ಮೈಯಲ್ಲಿ ಸರಿ ಇಲ್ಲದವಳು ಬೆಳಿಗ್ಗೆ ಕೆಲಸ ಹಿಡಿಯುವ ಮೊದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು: "ಇವತ್ತ ನನ್ನ ಕೈ ನಂಬಬ್ಯಾಡ್ರಿ." ಯಾಕೆ ಅಂತ ಯಾರೂ ಕೇಳುವಂತಿಲ್ಲ. ಜ್ವರ ಇರಬಹುದು, ಮುಟ್ಟು ಇರಬಹುದು, ಗಂಡ ಹೊಡೆದಿರಬಹುದು, ಹೊಟ್ಟೆಗೆ ಇಲ್ಲದೆ ಇರಬಹುದು. ಹಾಗೆ ಹೇಳಿದವಳು ಆ ದಿನ ಉಸುಕು ಸಾಣಿಸುತ್ತ ಕೂಡಬೇಕು. ಮತ್ತೊಬ್ಬಳ ಕೈ ಬಗ್ಗೆ ನಾವು ಹೇಳುವಂತಿಲ್ಲ, ಅದು ಚಾಡಿ ಆಗುತ್ತದೆ. ಅವಳದು ಅವಳೇ ಹೇಳಬೇಕು.

ಇನ್ನೊಂದು ಪದ್ಧತಿಯೂ ಇತ್ತು. ಹೊತ್ತವಳು "ಇಳಸು" ಅಂದರೆ ಎದುರಿಗೆ ಯಾರು ಇರಲಿ, ಜಗಳವಾಡಿ ಮಾತು ಬಿಟ್ಟವಳೇ ಇರಲಿ, ಇಲ್ಲ ಅನ್ನದೆ ಕೈ ಕೊಡಬೇಕು.

ಕಾಂದಿವಲಿಯಲ್ಲಿ ಒಂದು ದೊಡ್ಡ ಬಿಲ್ಡಿಂಗ್ ನಡೆದಿತ್ತು. ಹೆಂಗಸರ ಗುಂಪಿಗೆ ರಹೀಮಾನನ್ನೇ ಮುಕಾದಮ್ ಮಾಡುತ್ತೇನೆ ಅಂತ ಮೇಸ್ತ್ರಿ ಮಾತು ಕೊಟ್ಟಿದ್ದ. ನಾಳೆಯಿಂದ ಆಕೆ ಹೊರುವುದೂ ಇಲ್ಲ, ಹೊರಿಸುವುದೂ ಇಲ್ಲ, ಛತ್ರಿ ಹಿಡಿದು ನಿಲ್ಲುವುದು. ಅದೇ ಬೆಳಿಗ್ಗೆ, ಮಾಲೀಕ ಬಂದು ನಿಂತಿದ್ದಾಗ, ರಹೀಮಾ ನನ್ನ ಬುಟ್ಟಿ ಮುಟ್ಟಲಿಲ್ಲ. "ಇವತ್ತ ನನ್ನ ಕೈ ನಂಬಬ್ಯಾಡ, ಮಲ್ಲವ್ವಾ" ಅಂದಳು. ಮಾಲೀಕನ ಎದುರು ಉಸುಕಿಗೆ ಕೂತಳು. ಮುಕಾದಮ್ ಕೆಲಸ ಬೇರೊಬ್ಬಳಿಗೆ ಹೋಯಿತು. ಆವತ್ತು ಆಕೆಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲಿಲ್ಲ.

ಆ ಕೈಗಳ ಮೊಮ್ಮಗಳು ನಿನ್ನ ಕೈಯಿಂದ ಬಿದ್ದಿದ್ದಾಳೆ.

ಕತೆ ಮುಗಿಯಿತು. ನಿದ್ದೆ ಮಾಡು.

ನಿನ್ನ ಅಜ್ಜಿ,
ಮಲ್ಲವ್ವ


ವಡಾಲ
೨೧ ಮಾರ್ಚ್ ೨೦೨೫

ವಿಜಿಗೆ,

ಉತ್ತರ ಇಲ್ಲ. ಪೋಸ್ಟಿನವನು ನಮ್ಮ ಬಾಗಿಲು ದಾಟುವಾಗ ಈಗ ನನ್ನ ಮುಖ ನೋಡದೆ ಹೋಗುತ್ತಾನೆ, ಸಾಲ ಮಾಡಿದವನ ಹಾಗೆ. ನಿನ್ನ ತಪ್ಪಿಗೆ ಅವನು ನಾಚಿಕೊಳ್ಳುತ್ತಾನೆ.

ರಂಜಾನ್ ನಡೆದಿದೆ. ರಹೀಮಾನ ಮನೆಯಿಂದ ಸಂಜೆಗೆ ಖರ್ಜೂರ, ಭಜಿ ಬರುತ್ತದೆ. ತಾನು ಇಡೀ ದಿನ ಉಗುಳೂ ನುಂಗದೆ ಇರುತ್ತಾಳೆ, ನಮ್ಮ ಮನೆಗೆ ತಟ್ಟೆ ತಪ್ಪಿಸುವುದಿಲ್ಲ. ಮೊನ್ನೆ ಆಕೆ ಬಾಜಾರಿಗೆ ಹೋದಾಗ ನಾನು ಶಬ್ರೀನಾನ ಹತ್ತಿರ ಕೂತಿದ್ದೆ. ಹೊಗಳುವುದು ನನಗೆ ಬರುವುದಿಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಆಕೆಯೇ ಮಾತು ತೆಗೆದಳು. "ಅಜ್ಜಿ, ಅವತ್ತ ನೀವು ನೋಡೀರಿ, ಹೌದಿಲ್ಲೋ?"

"ನೋಡೀನಿ."

"ಯಾರ ಮುಂದೂ ಅನಬ್ಯಾಡ್ರಿ. ನಾನss ಜಲ್ದಿ ಜಿಗಿದೆ ಅಂತ ಕೋಚ್‌ಗೆ ಹೇಳೀನಿ. ನಂದಂತೂ ಹೋತು. ಇಬ್ಬರದೂ ಯಾಕ ಹೋಗಬೇಕ್ರಿ?"

ನಾನು ಆಕೆಯ ಬೆನ್ನಿನ ದಿಂಬು ಸರಿ ಮಾಡಿದೆ.

ಆಮೇಲೆ ಆಕೆ ಕೇಳಿದಳು: "ಆಕಿ ತಲಿ ಇನ್ನೂ ನೋಯತದೇನು? ಅವತ್ತ ಮೈದಾನದಾಗ ನನಗ ಎರಡ ಸಲ ಸ್ಕೋರ್ ಕೇಳಿದಳ್ರಿ. ಕಣ್ಣು ಎಲ್ಲೋ ಇದ್ದವು."

ನನಗೆ ಸಿಟ್ಟು ಬಂತು. "ಅಷ್ಟ ಗೊತ್ತಿದ್ದಾಕಿ, ಏರಿದೆ ಯಾಕ ಮತ್ತ? ಕುತಗಿ ಏನು ಬಾಡಿಗಿ ತಂದಿದ್ದೇನು?"

ಆ ಹುಡುಗಿ ನಕ್ಕಳು. ಪಟ್ಟಿ ಕಟ್ಟಿದ ಗಲ್ಲದಲ್ಲಿ ಪೂರಾ ನಗಲು ಬರುವುದಿಲ್ಲ. "ವಿಜಿ ಎತ್ತತಾಳ ಅಂದ್ರ ನಾ ಯಾವಾಗ ಕೆಳಗ ನೋಡೀನ್ರಿ ಅಜ್ಜಿ?"

ಇದನ್ನು ನಿನಗೆ ತಿಳಿಸಬೇಡಿ ಅಂತ ಆಣೆ ಹಾಕಿದ್ದಾಳೆ. ನಾನು ಆಣೆಯನ್ನು ಕೇಳಿಸಿಕೊಂಡೆ, ಒಪ್ಪಲಿಲ್ಲ.

ಈಗ ನೀನು ಎತ್ತುವ ಹುಡುಗಿ ಆ ನಿಶ್ಮಿತಾ. ಆಕೆಯೂ ಕೆಳಗೆ ನೋಡುವುದಿಲ್ಲ. ಜೋಗೇಶ್ವರಿಯಲ್ಲಿ ಆಕೆಗೂ ಒಬ್ಬ ಅಜ್ಜಿಯೋ ಅವ್ವನೋ ಇದ್ದಾರು. ನಾನು ಅವರ ಮುಖ ನೋಡಿಲ್ಲ, ಆದರೂ ಈಚೆಗೆ ಒಲೆಯ ಮುಂದೆ ಕೂತರೆ ಅವರೇ ಬಂದು ನನ್ನ ಎದುರು ಕೂಡುತ್ತಾರೆ.

ಅಜ್ಜಿ,
ಮಲ್ಲವ್ವ


ಭುವನೇಶ್ವರ
29 ಮಾರ್ಚ್ 2025

ಅಜ್ಜಿ,

ಪ್ಲೀಸ್ ಇನ್ನು ಇಂಥಾ ಲೆಟರ್ ಬರೀಬೇಡ. ನಾನು ಬಾತ್‌ರೂಮಿನಲ್ಲಿ ಕೂತು ಓದಿದೆ.

ನಾನು ಕೈ ಬಿಡಲಿಲ್ಲ. ಕೇಳು. ಶಬ್ಬೂ ಮೇಲೆ ಇದ್ದಳು, ನನ್ನ ಕೈ ಅವಳ ತೊಡೆ ಹಿಡಿದಿತ್ತು. ಆಮೇಲೆ ಏನೂ ಇಲ್ಲ. ಲೈಟ್ ಹೋದ ಹಾಗೆ. ಮತ್ತೆ ಲೈಟ್ ಬಂದಾಗ ಅವಳು ನೆಲದ ಮೇಲೆ ಇದ್ದಳು, ನನ್ನ ಕೈ ಇನ್ನೂ ಮೇಲೆ ಇತ್ತು, ಖಾಲಿ. ನನಗೆ ನೆನಪೇ ಇಲ್ಲ ಅಜ್ಜಿ. ನೆನಪು ಇಲ್ಲದ್ದನ್ನ ಏನಂತ ಹೇಳ್ಲಿ?

ಇಲ್ಲಿ ಡಾಕ್ಟರಿಗೆ ಹೇಳಿದರೆ ಆಟ ಬಂದ್. ಇದು ಮೊದಲನೇದು ಅಲ್ಲ, ಹಿಂದೆ ಎರಡು ಸಲ ತಲೆಗೆ ಪೆಟ್ಟು ಬಿದ್ದು ಹೀಗೆ ಆಗಿದೆ, ನಿಮಗೆ ಯಾರಿಗೂ ಗೊತ್ತಿಲ್ಲ. ಮೂರನೇದು ಅಂದರೆ ಮನೆಗೇ ಕಳಿಸ್ತಾರೆ. ಮನೆಗೆ ಬಂದು ಏನು ಮಾಡ್ಲಿ? ಹನ್ನೆರಡು ವರ್ಷ ಇದೊಂದೇ ಮಾಡಿದೀನಿ. ನಾನು ಯಾರು ಅಂತ ಕೇಳಿದರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ಶಬ್ಬೂ ಹೇಳಿದ್ದೂ ಅದೇ ಅಲ್ವಾ, ಇಬ್ಬರದೂ ಯಾಕೆ ಹೋಗಬೇಕು ಅಂತ? ಅವಳೇ ಹೇಳಿದ ಮೇಲೆ ನಿನಗೆ ಏನು?

ಈ ಒಂದು ಮ್ಯಾಚ್ ಆಡಲಿ. ಆಮೇಲೆ ನಾನೇ ಬಿಡ್ತೀನಿ.

ಅಪ್ಪಗೆ ಅಥವಾ ಕೋಚ್‌ಗೆ ನೀನು ಹೇಳಿದರೆ ನಾನು ಮತ್ತೆ ಆ ಮನೆಗೆ ಬರಲ್ಲ. ಸಚ್ ಹೇಳ್ತೀನಿ.

ವಿಜೇತಾ


ವಡಾಲ
೬ ಏಪ್ರಿಲ್ ೨೦೨೫

ವಿಜಿಗೆ,

ಈ ಸಲ ಯುಗಾದಿ ಮತ್ತು ಈದ್ ಒಂದರ ಬೆನ್ನಿಗೆ ಒಂದು ಬಂದವು. ಬೇವು ಕುಡಿದ ಬಾಯಿ ಆರುವ ಮೊದಲೇ ರಹೀಮಾನ ಶಾವಿಗೆಯ ಸುರಕುಂಬಾ ಬಂತು. ನಿನ್ನ ಪಾಲಿನದು ಅಂತ ಒಂದು ಬಟ್ಟಲು ಬೇರೆ ಇಟ್ಟಿದ್ದಳು. "ಪೋರಿ ಇಲ್ಲ ಅಂತ ಗೊತ್ತದ, ಕೈ ತಪ್ಪಿ ತುಂಬಿಬಿಟ್ಟೆ" ಅಂದಳು. ನಿಮ್ಮಪ್ಪ ಕುಡಿದ.

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಖಾಲಿ ಕೈ ಮೇಲೆ ಇತ್ತು ಅಂತ ಬರೆದೆಯಲ್ಲ, ಅದನ್ನೇ ನಾನು ಮೆಟ್ಟಿಲ ಮೇಲಿಂದ ನೋಡಿದ್ದು. ಆಕೆ ಬಿದ್ದ ಮೇಲೂ ನೀನು ಕೈ ಎತ್ತಿಕೊಂಡೇ ನಿಂತಿದ್ದೆ. ದೇವರಿಗೆ ಕೈ ಎತ್ತಿದವಳ ಹಾಗೆ. ನೀನು ಬೇಕಂತ ಬಿಡಲಿಲ್ಲ, ನನಗೆ ಗೊತ್ತು. ಬೇಕಂತ ಬಿಟ್ಟವಳಾಗಿದ್ದರೆ ನಾನು ಇಷ್ಟು ಕಾಗದ ಯಾಕೆ ಬರೆಯುತ್ತಿದ್ದೆ? ಒಂದು ಬೈಗುಳ ಬರೆದು ಮುಗಿಸುತ್ತಿದ್ದೆ.

ಮೊದಲ ಎರಡು ಸಲದ್ದು ನಮಗೆ ಗೊತ್ತಿಲ್ಲ ಅಂತೀ. ಮೂಗು ಮುರಿದುಕೊಂಡು ಬಂದಾಗ ಮೂಗನ್ನಷ್ಟೇ ನೋಡಿದೆವು. ಅದರ ಹಿಂದೆ ತಲೆ ಇದೆ ಅನ್ನುವುದು ಹೊಳೆಯಲಿಲ್ಲ.

ಇನ್ನು ನೀನು ಕೇಳಿದ್ದಕ್ಕೆ. ಆಕೆಯೇ ಹೇಳಿದ ಮೇಲೆ ನನಗೆ ಏನು? ಆಕೆ ತನ್ನ ಕುತ್ತಿಗೆ ಕೊಟ್ಟು ನಿನ್ನ ಅಂಗಿ ಉಳಿಸಿದಳು. ತನ್ನದನ್ನು ಕೊಡುವುದು ಆಕೆಯ ಹಕ್ಕು, ಕೊಟ್ಟಳು. ಆದರೆ ನಿಶ್ಮಿತಾನ ಕುತ್ತಿಗೆ ಕೊಡಲು ಆಕೆಗೂ ಹಕ್ಕಿಲ್ಲ, ನಿನಗೂ ಇಲ್ಲ. ಆಕೆಯ ಮೈ ಮುಟ್ಟಿ ಎತ್ತುತ್ತೀಯಲ್ಲ, ಆಗ ನಿನ್ನ ಎದೆ ಏನು ಅನ್ನುತ್ತದೆ? ಅದನ್ನು ಮಾತ್ರ ನೀನು ಬರೆದಿಲ್ಲ.

ನಿನ್ನ ಕೋಚ್ ನಂಬರ್ ಖಂಡಪ್ಪನ ಫೋನಿನಲ್ಲಿ ಇದೆ. ಮೊನ್ನೆ ಅವನು ಸ್ನಾನಕ್ಕೆ ಹೋದಾಗ ಫೋನು ನನ್ನ ಕೈಯಲ್ಲಿ ಇತ್ತು. ಹೆಸರು ಇಂಗ್ಲಿಷಿನಲ್ಲಿತ್ತು, ಆದರೆ ಕೋಚಿನ ಫೋಟೋ ಇತ್ತು. ಒತ್ತಿದರೆ ಆಗುತ್ತಿತ್ತು. ಅವನು ಸ್ನಾನ ಮುಗಿಸಿ ಬರುವ ತನಕ ಹಿಡಿದುಕೊಂಡೇ ಕೂತಿದ್ದೆ. "ಯಾರಿಗವ್ವಾ ಫೋನು?" ಅಂದ. "ಯಮನಿಗೆ. ಎತ್ತಲಿಲ್ಲ" ಅಂದೆ.

ಬೇರೊಬ್ಬಳ ಕೈ ಬಗ್ಗೆ ಹೇಳಬಾರದು ಅಂತ ನಾನೇ ಬರೆದಿದ್ದೇನೆ. ಇಷ್ಟು ವರ್ಷ ಪಾಲಿಸಿದ್ದೇನೆ. ಆದರೆ ತಿಂಗಳ ಕಡೆಗೆ ನಿಮ್ಮ ವಿಮಾನ. ಅದನ್ನು ನೀನು ಬಾಯಿ ಮುಚ್ಚಿಕೊಂಡು ಹತ್ತಿದರೆ ನಾನು ಆ ಫೋಟೋ ಒತ್ತುತ್ತೇನೆ. ಚಾಡಿಕೋರಿ ಅನಿಸಿಕೊಳ್ಳುತ್ತೇನೆ. ನೀನು ಮನೆಗೆ ಬರದಿದ್ದರೆ ಬರಬೇಡ. ನನಗೆ ಎಷ್ಟು ದಿನ ಉಳಿದಿವೆ, ಬಾಗಿಲು ನೋಡುತ್ತ ಕಳೆಯುತ್ತೇನೆ. ಹೆದರಿಸುವುದಕ್ಕೆ ಬರೆದದ್ದಲ್ಲ ಇದು. ಹೇಳದೆ ಮಾಡಿದರೆ ಮೋಸ ಆಗುತ್ತದೆ ಅಂತ ಮೊದಲೇ ಹೇಳಿದ್ದೇನೆ.

ಅದಕ್ಕೂ ಮೊದಲು ನೀನೇ ಹೇಳು ಅನ್ನುವುದೊಂದೇ ನನ್ನ ಆಸೆ. ಮಾತು ಸಣ್ಣದು, ನಿನಗೆ ಗೊತ್ತಿದೆ.

ನೀನು ಯಾರು ಅಂತ ಕೇಳಿದರೆ ಉತ್ತರ ಇಲ್ಲ ಅಂದೆ. ಆ ಚೆಂಡು ಈ ಗಲ್ಲಿಗೆ ಬರುವ ಮೊದಲೇ ನಿನಗೆ ಹೆಸರಿಟ್ಟಿದ್ದೆವು.

ಅಜ್ಜಿ,
ಮಲ್ಲವ್ವ


ಕಾಂದಿವಲಿ
20 ಏಪ್ರಿಲ್ 2025

ಅಜ್ಜಿ,

ನಾನು ಕಾಂದಿವಲಿಯಲ್ಲಿ ಇದೀನಿ, ನಿಂಗಣ್ಣ ಕಾಕಾನ ಮನೆಯಲ್ಲಿ. ನಾಲ್ಕು ದಿನ ಆಯ್ತು. ಕ್ಯಾಂಪಿಂದ ರಜೆ ಅಂತ ಕಾಕಾಗೆ ಹೇಳಿದೀನಿ. ನಿನ್ನ ಮಗ ಅಲ್ವಾ, ನಂಬಿಲ್ಲ, ಆದರೆ ಕೇಳಲೂ ಇಲ್ಲ. ಫೋನ್ ನೋಡಿದರೆ ಕಣ್ಣು ಉರಿಯುತ್ತೆ, ಡಾಕ್ಟರ್ ನೋಡಬೇಡ ಅಂದಿದಾರೆ. ಅದಕ್ಕೆ ಲೆಟರ್. ಒಂದೊಂದೇ ಲೈನ್ ಬರೀತಾ ಇದೀನಿ.

ನಿನ್ನ ಹೆದರಿಕೆಗೆ ಹೇಳಿದ್ದಲ್ಲ. ನಿನ್ನ ಲೆಟರ್ ಜೇಬಿನಲ್ಲಿ ಇತ್ತು, ಇನ್ನೂ ಒಡೆದಿರಲಿಲ್ಲ.

ಬೆಳಿಗ್ಗೆ ಲೈನ್‌ಔಟ್ ಪ್ರಾಕ್ಟೀಸ್. ನಿಶ್ಮಿತಾ ನನ್ನ ಮುಂದೆ ಬಂದು ನಿಂತಳು, ಬೆನ್ನು ಮಾಡಿ. ನಾನು ಹಿಡಿಯೋಕೆ ಬಗ್ಗಿದೆ. ಅವಳ ಜಡೆ ಬಿಗಿಯಾಗಿ ಕಟ್ಟಿತ್ತು. ಆ ದಿನ ಬೆಳಿಗ್ಗೆ ನಾನೇ ಕಟ್ಟಿದ್ದು. ನಮ್ಮ ಹೊಸ್ತಿಲ ಮೇಲೆ ಕೂತು ಶಬ್ಬೂಗೆ ಕಟ್ಟುತ್ತಿದ್ದೆನಲ್ಲ, ಹಾಗೇ. ನನ್ನ ಕೈ ಮುಂದೆ ಹೋಗಲಿಲ್ಲ. ಬಾಲ್ ಎಸೆಯುವವಳು ಕಾಯ್ತಾ ಇದ್ದಳು. "ಆಜ್ ಮೇರೆ ಹಾಥ್ ಪೇ ಭರೋಸಾ ಮತ್ ಕರೋ" ಅಂದೆ. ನಿಮ್ಮ ನಾಕಾದ ಮಾತು ಹಿಂದಿಯಲ್ಲಿ ಹೇಗೋ ಕೇಳಿಸಿತು ಅಜ್ಜಿ, ಸಿನಿಮಾ ಡೈಲಾಗ್ ಹಾಗೆ. ಆದರೆ ಯಾರೂ ನಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ನಿಶ್ಮಿತಾ ತಿರುಗಿ ನೋಡಿದಳು, ಪಕ್ಕಕ್ಕೆ ಬಂದು ನನ್ನ ಜೊತೆ ನಿಂತಳು. ಕೋಚ್ ಬೇರೆ ಹುಡುಗಿಯನ್ನ ಕರೆದರು.

ಆಮೇಲೆ ಡಾಕ್ಟರಿಗೆ ಎಲ್ಲ ಹೇಳಿದೆ, ಹಿಂದಿನ ಎರಡೂ. ಸ್ಕ್ಯಾನ್ ಮಾಡಿದರು. ಇನ್ನು ಮುಂದೆ ಡಿಕ್ಕಿ ಹೊಡೆಯೋ ಕಾಂಟ್ಯಾಕ್ಟ್ ಆಟ ಇಲ್ಲ ಅಂದರು. ಈ ವರ್ಷ ಅಲ್ಲ, ಯಾವತ್ತೂ ಇಲ್ಲ. ನಾನು "ಯೆಸ್ ಡಾಕ್ಟರ್" ಅಂದೆ. ಏಳು ಸಲ ಇಂಡಿಯಾಗೆ ಆಡಿದೀನಿ. ಏಳಕ್ಕೇ ನಿಂತಿತು.

ಶಬ್ಬೂ ಜಲ್ದಿ ಜಿಗಿಯಲಿಲ್ಲ ಅಂತ ಕೋಚ್‌ಗೂ ಹೇಳಿದೆ.

ವಡಾಲಕ್ಕೆ ಬರೋಕೆ ಆಗ್ತಾ ಇಲ್ಲ. ದಿನಾ ಸ್ಟೇಷನ್ ತನಕ ಹೋಗ್ತೀನಿ, ಗಾಡಿ ಬರುತ್ತೆ, ಹೋಗುತ್ತೆ. ರಹೀಮಾ ನಾನಿಯ ಬಾಗಿಲಲ್ಲಿ ಏನಂತ ನಿಲ್ಲಲಿ? ನೀನು ಅವರಿಗೆ ಹೇಳು ಅಜ್ಜಿ, ಕೈ ನನ್ನದೇ ಅಂತ. ನೀನು ಹೇಳಿ ಆದ ಮೇಲೆ ಬರ್ತೀನಿ.

ವಿಜಿ


ವಡಾಲ
೪ ಮೇ ೨೦೨೫

ವಿಜಿಗೆ,

ಭುವನೇಶ್ವರಕ್ಕೆ ಬರೆದದ್ದಾಯಿತು, ಈಗ ಕಾಂದಿವಲಿಗೂ ಟಿಕೇಟು ಹಚ್ಚಬೇಕಾಯಿತು. ಒಂದೇ ಊರಿನಲ್ಲಿ ಇದ್ದುಕೊಂಡು ಕಾಗದ ಬರೆಯುವವರನ್ನು ನೋಡಿ ಪೋಸ್ಟಿನವನು ನಗುತ್ತಾನೆ. ನಗಲಿ. ನೀನು ಹೋದ ಮರುದಿನವೇ ನಿಂಗಣ್ಣ ನನಗೆ ಫೋನ್ ಮಾಡಿದ್ದ, "ಪೋರಿ ಉಣ್ಣೂದಿಲ್ಲ, ಗ್ವಾಡಿ ನೋಡಕೋತ ಕುಂಡರತದ" ಅಂತ. ಗೋಡೆಯನ್ನೇ ನೋಡಲಿ ಬಿಡು ಅಂದೆ.

ನಾನು ರಹೀಮಾಗೆ ಏನೂ ಹೇಳುವುದಿಲ್ಲ. ಅದು ನಿನ್ನ ಕೆಲಸ. ಕ್ಯಾಂಪಿನಲ್ಲಿ ನೀನು ಆ ಮಾತು ಹೇಳಿದ್ದನ್ನು ಮಾತ್ರ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಯಾಕ ಅಂತ ಯಾರರೆ ಕೇಳಿದ್ರೇನು?" ಅಂದಳು.

"ಇಲ್ಲಂತ."

"ಹಂಗಾದ್ರ ಚಲೋ ಮಂದಿ ಅದಾರ" ಅಂದಳು. ಮತ್ತೆ ಅಕ್ಕಿ ಆರಿಸಿದಳು. ಒಂದು ಕಲ್ಲು ತೆಗೆದು ಒಗೆದು, "ಮಲ್ಲವ್ವಾ, ನನಗ ಮೊದಲss ಗೊತ್ತಿತ್ತ. ಆ ಪೋರಿ ನಳದ ಕಡಿಯಿಂದ ಸುತ್ತ ಹೊಡದು ಹೋದಾಗss ಗೊತ್ತಾತು. ಬಾಯಿ ಇದ್ದಾಕಿ ನೀನು, ನೀನೂ ಸುಮ್ಮನ ಇದ್ದಿ. ಅದಕ್ಕ ನಾನೂ ಸುಮ್ಮನ ಚಹಾ ಮಾಡಿದೆ" ಅಂದಳು.

ನಾನೂ ಆಕೆಯ ಮೊರಕ್ಕೆ ಕೈ ಹಾಕಿ ಅಕ್ಕಿ ಆರಿಸಿದೆ.

ನಿನ್ನೆ ಸಿಂಗಾಪುರದ ಆಟ ಇತ್ತು. ನಿಮ್ಮಪ್ಪ ಫೋನನ್ನು ರಹೀಮಾನ ಮನೆಯ ಡಬ್ಬಿಗೆ ಒರಗಿಸಿ ಇಟ್ಟ. ಗಲ್ಲಿಯ ಮಂದಿಯೆಲ್ಲ ಬಾಗಿಲಲ್ಲಿ. ಶಬ್ರೀನಾನ ಕುತ್ತಿಗೆ ಪಟ್ಟಿ ಬಿಚ್ಚಿದ್ದಾರೆ. ಕೋಳಿಮರಿಯ ಹಾಗೆ ಸಣ್ಣಗಾಗಿದೆ ಕುತ್ತಿಗೆ. ಬಲಗೈ ಭುಜದ ಮೇಲೆ ಏಳುವುದಿಲ್ಲ. ಅನ್ನ ಕಲಸುತ್ತದೆ, ಕೂದಲು ಬಾಚುವುದಿಲ್ಲ. ನಿನ್ನ ಮೂರು ನಂಬರಿನಲ್ಲಿ ಬೇರೆ ಹುಡುಗಿ ಇದ್ದಳು. ನಿಮ್ಮಪ್ಪ ಆ ಅಂಗಿ ಕಂಡಾಗೊಮ್ಮೆ ಹೊರಗೆ ಹೋಗಿ ಉಗುಳಿ ಬರುತ್ತಿದ್ದ. ಅಳುವುದಕ್ಕೆ ಗಂಡಸರಿಗೆ ಬೇರೆ ದಾರಿ ಗೊತ್ತಿಲ್ಲ.

ಚೆಂಡು ಹೊರಗೆ ಹೋಗಿ ಅವರು ನಿಶ್ಮಿತಾನನ್ನು ಎತ್ತುವ ಹೊತ್ತಿಗೆ ಎಲ್ಲರೂ ಹೋ ಅನ್ನುತ್ತಿದ್ದರು. ಶಬ್ರೀನಾ ಅನ್ನುತ್ತಿರಲಿಲ್ಲ. ಆ ಹುಡುಗಿ ಚೆಂಡು ಹಿಡಿದಾಗಲೂ ಉಸಿರು ಬಿಡುತ್ತಿರಲಿಲ್ಲ. ಕಾಲು ನೆಲಕ್ಕೆ ತಾಗಿದ ಮೇಲೆ ಬಿಡುತ್ತಿದ್ದಳು. ಪ್ರತಿ ಸಲ. ನಾನು ಆಟ ಬಿಟ್ಟು ಆಕೆಯನ್ನೇ ನೋಡುತ್ತಿದ್ದೆ.

ಇಂಡಿಯಾ ಸೋತಿತು. ಹೆಚ್ಚೇನೂ ಅಂತರ ಇರಲಿಲ್ಲವಂತೆ. ಮಂದಿ ಹೋದರು. ನಾನು ಏಳಲು ಮೊಣಕಾಲು ಹಿಡಿದುಕೊಂಡೆ. ಆಗ ಶಬ್ರೀನಾ ಕೇಳಿದಳು: "ವಿಜಿ ಎಲ್ಲಿ ಅದಾಳ್ರಿ?"

"ಕಾಂದಿವಲ್ಯಾಗ. ಟೇಶನ್ನಿಗೆ ಬಂದು ಬಂದು ಹೊಳ್ಳಿ ಹೋಗತಾಳಂತ."

"ಸಿಟ್ಟಿಗೆ ಬಂದೀನಿ ಅಂತ ತಿಳಿದಾಳೇನು?"

"ಬಂದಿಲ್ಲೇನು ಮತ್ತ?"

"ಬಂದೀನ್ರಿ. ಬರದ ಏನು?" ಅಂದಳು. ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. "ನನಗ ದಿನಾ ಹಂಗss ಅನಸತದ ಅಜ್ಜಿ. ಮ್ಯಾಲ ಹೋಗಿದ್ದು ಗೊತ್ತದ. ಬಿದ್ದದ್ದು ನನಗೂ ನೆನಪಿಲ್ಲ. ನಾ ಇನ್ನೂ ಮ್ಯಾಲss ಅದೀನಿ. ಬಂದು ಇಳಸು ಅನ್ರಿ ಆಕಿಗೆ."

ಆಕೆಗೆ ನಮ್ಮ ನಾಕಾದ ಪದ್ಧತಿ ಗೊತ್ತಿದೆಯೋ ಇಲ್ಲವೋ ನಾನು ಕೇಳಲಿಲ್ಲ. ರಹೀಮಾ ನನ್ನ ಮುಖ ನೋಡಿದಳು, ನಾನು ಆಕೆಯದು ನೋಡಿದೆ.

ಹೊತ್ತವರು ಕರೆದಿದ್ದಾರೆ, ವಿಜಿ. ಬರುವುದಿಲ್ಲ ಅನ್ನಲು ನಿನಗೆ ಈಗ ದಾರಿ ಇಲ್ಲ.

ಬಾಚಣಿಗೆ ತಾ. ಆ ಹುಡುಗಿಯ ತಲೆ ಗುಬ್ಬಿಯ ಗೂಡಾಗಿದೆ, ನನ್ನ ಕೈಯೂ ನಡುಗುತ್ತದೆ, ರಹೀಮಾನದೂ ನಡುಗುತ್ತದೆ. ಅಂಧೇರಿಯಲ್ಲಿ ಇಳಿದು ಹಾರ್ಬರ್ ಗಾಡಿ ಹಿಡಿ. ಬಿಸಿಲು ಏರುವ ಮೊದಲು ಹೊರಡು, ತಲೆಗೆ ಏನಾದರೂ ಸುತ್ತಿಕೋ. ನಳದ ಗಲ್ಲಿಯಿಂದ ಬರಬೇಡ.

ಎದುರಿನಿಂದ ಬಾ.

ನಿನ್ನ ಅಜ್ಜಿ,
ಮಲ್ಲವ್ವ